ಪಡುವಣಕ್ಕೆ ವಾಲಿದ ಚರ್ಚು

ನಮ್ಮೂರಿನಲ್ಲಿ ಮುನಿಸನ್ನು ಮನೆಯೊಳಗೆ ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ. ಸಭೆಯವರಲ್ಲಿ ಯಾರಾದರೂ ಮುನಿಸಿಕೊಂಡು ದೂರವಾದರೆ ನಮ್ಮ ಚರ್ಚು ಅವರ ಮನೆಯ ಕಡೆಗೆ ವಾಲುತ್ತದೆ. ಯಾವಾಗಿನಿಂದ ಎಂದು ಕೇಳಿದರೆ ಹೇಳುವವರಿಲ್ಲ. ನನ್ನ ಅತ್ತೆಯ ಅತ್ತೆ ಮದುವೆಯಾಗಿ ಬಂದ ದಿನವೂ ಅದು ಕುಂಬಾರ ಓಣಿಯ ಕಡೆಗೆ ಎರಡು ಬೆರಳು ವಾಲಿತ್ತಂತೆ. ಊರಿನ ಉಳಿದ ಜನಕ್ಕೂ ಇದು ಗೊತ್ತು. ಬೆಳಿಗ್ಗೆ ಉಪ್ಪು ತರಲು ಹೋದರೆ ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಗೋಪುರದ ಕಡೆ ನೋಡಿ, “ಏನ್ರಿ ಬಾಯಾರ, ಇವತ್ತ ನಿಮ್ಮ ಚರ್ಚು ಕೆರಿ ಕಡೆ ಹೊಂಟೈತಿ. ಹಂಚಿನ ಮನಿಯವ್ರು ಜಗಳಾಡ್ಯಾರೇನು?” ಎಂದು ಕೇಳುತ್ತಾನೆ. ಹೆಣ್ಣು ನೋಡಲು ಬರುವ ಬೀಗರು ಮೊದಲು ಗೋಪುರ ನೋಡಿ ಆಮೇಲೆ ಹುಡುಗಿಯನ್ನು ನೋಡುತ್ತಾರೆ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಬೆಂಚಿನ ಕಾಲಿಗೆ ಕೊಡಲು ಒಡೆದ ಹಂಚಿನ ಚೂರುಗಳನ್ನು ಒಂದು ಬುಟ್ಟಿಯಲ್ಲಿ ಬಾಗಿಲ ಹಿಂದೆ ಇಟ್ಟಿರುತ್ತೇವೆ. ಕರ್ತನ ಭೋಜನದ ದಿನ ಬಟ್ಟಲಿಗೆ ದ್ರಾಕ್ಷಾರಸವನ್ನು ಅರ್ಧಕ್ಕಿಂತ ಹೆಚ್ಚು ಹೊಯ್ಯುವುದಿಲ್ಲ. ಸಭೆಯ ಹಿರಿಯರಾದ ಹನೋಕಪ್ಪ ಪ್ರತಿ ಭಾನುವಾರ ಗಂಟೆ ಹೊಡೆಯುವ ಮೊದಲು ಕಿಸೆಯಿಂದ ಒಂದು ಗಜ್ಜುಗ ತೆಗೆದು ಚರ್ಚಿನ ನಡುವಿನ ಹಾಸುಗಲ್ಲಿನ ಮೇಲೆ ಇಡುತ್ತಾರೆ. ಅದು ಯಾವ ದಿಕ್ಕಿಗೆ ಉರುಳಿತೋ ಆ ದಿಕ್ಕಿನ ಮನೆಗೆ ಇಬ್ಬರು ಹೋಗಿ ಮಾತಾಡಿಸಿಕೊಂಡು ಬರಬೇಕು. ಬಹಳ ಮಟ್ಟಿಗೆ ಒಂದೆರಡು ವಾರದಲ್ಲಿ ರಾಜಿಯಾಗುತ್ತದೆ. ಕಾಯಿಲೆಯವರ ಮಾತು ಬೇರೆ. ಎಸ್ತೇರಜ್ಜಿ ಸೊಂಟ ಮುರಿದುಕೊಂಡು ನಾಲ್ಕು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಚರ್ಚು ಅವಳ ಮನೆಯ ಕಡೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ.

ನಾನು ತಬಿತಮ್ಮ. ಗಾಣಿಗರ ಓಣಿಯಲ್ಲಿ, ಚರ್ಚಿನ ಪಡುವಣಕ್ಕೆ ನಮ್ಮ ಮನೆ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದೇವೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ ದಾನಿಯೇಲಪ್ಪ, ಇನ್ನೊಂದರಲ್ಲಿ ನನ್ನ ಮೈದುನ ಮತ್ತು ಅವನ ಹೆಂಡತಿ ಸುಗುಣಾ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಎಲ್ಲರೂ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಮೂವತ್ತೆಂಟು ವರ್ಷದಲ್ಲಿ ಒಂದು ಭಾನುವಾರವೂ ನಾನು ಚರ್ಚು ತಪ್ಪಿಸಿದವಳಲ್ಲ. ಹೆರಿಗೆಯಾದ ಒಂಬತ್ತನೆಯ ದಿನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮೊದಲನೆಯ ಬೆಂಚಿನಲ್ಲಿ ಕೂತವಳು ನಾನು. ಈ ಮಾತನ್ನು ಆಗಾಗ ಎಲ್ಲರ ಕಿವಿಗೆ ಬೀಳುವ ಹಾಗೆ ಹೇಳುತ್ತಲೂ ಇದ್ದೆ.

ನಮ್ಮಲ್ಲಿ ಹಾರ್ಮೋನಿಯಂ ಇಲ್ಲ. ಕೀರ್ತನೆಯ ಮೊದಲ ಸಾಲನ್ನು ಒಬ್ಬಳೇ ಹೆಂಗಸು ಹಾಡಬೇಕು, ಎರಡನೆಯ ಸಾಲಿನಿಂದ ಸಭೆ ಕೂಡಿಕೊಳ್ಳಬೇಕು. ಅದಕ್ಕೆ ಎತ್ತಿಕೊಡುವುದು ಎನ್ನುತ್ತೇವೆ. ಎಷ್ಟೋ ವರ್ಷ ಎತ್ತಿಕೊಟ್ಟ ರಾಹೇಲಜ್ಜಿ ತೀರಿಕೊಂಡ ಮೇಲೆ ಆ ಕೆಲಸ ನನಗೇ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಸಭಾಪಾಲಕರಾದ ಜ್ಞಾನಮಿತ್ರ ಅಯ್ಯನವರು ಅದನ್ನು ಸುಗುಣಾಳಿಗೆ ಕೊಟ್ಟರು. ಅವಳ ಧ್ವನಿ ಎತ್ತರದ್ದು, ತೆಳುವಾದದ್ದು, ಒಪ್ಪುತ್ತೇನೆ. ಆದರೆ ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ವಾರ, ಬೆಳೆ ಹಬ್ಬದ ಆರಾಧನೆಯಲ್ಲಿ, ಅವಳು ಇರಬೇಕಾದ್ದಕ್ಕಿಂತ ಮೇಲೆ ಎತ್ತಿದಳು. ಸಾಲಿನ ನಡುವೆ ಧ್ವನಿ ಒಡೆಯಿತು. ಉಸಿರು ತೆಗೆದುಕೊಳ್ಳಲು ಅವಳು ನಿಂತಳು, ಅಷ್ಟೇ. ನಾನು ಮುಂದಿನ ಬೆಂಚಿನಿಂದ, ಗಟ್ಟಿ ಗಂಟಲಿನಲ್ಲಿ, ಮೊದಲಿನಿಂದ ಕೆಳಗಿನ ಸ್ವರದಲ್ಲಿ ಎತ್ತಿಬಿಟ್ಟೆ. ಜನ ನನ್ನ ಹಿಂದೆ ಹಾಡಿದರು. ಹಾಡದೆ ಏನು ಮಾಡುತ್ತಾರೆ, ಯಾರಾದರೂ ಎತ್ತಿದರೆ ಕೂಡಿಕೊಳ್ಳುವುದೇ ನಮ್ಮ ರೂಢಿ. ಸುಗುಣಾ ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟು ಹೊರಗೆ ನಡೆದಳು. ಆವತ್ತು ನಾನು ಎಲ್ಲ ಚರಣಗಳನ್ನೂ ಬಹಳ ಚೆನ್ನಾಗಿ ಹಾಡಿದೆ.

ಮುಂದಿನ ವಾರ ಗಜ್ಜುಗ ಪಡುವಣಕ್ಕೆ ಉರುಳಿತು. ಅದರ ಮುಂದಿನ ವಾರ ಇನ್ನೂ ಜೋರಾಗಿ ಉರುಳಿ ಗೋಡೆಗೆ ಟಕ್ಕೆಂದು ಬಡಿಯಿತು. ಎಲ್ಲರೂ ಸುಗುಣಾ, ಸುಗುಣಾ ಎಂದರು. ನಾನಂತೂ ಎಲ್ಲರಿಗಿಂತ ಮೊದಲು ಅಂದೆ. “ಧ್ವನಿ ಒಡದದ್ದು ಆಕೀದು, ಮಕಾ ತಿರುವಿದಾಕೀನೂ ಆಕೀನ. ಸೊಕ್ಕು ಅಂದ್ರ ಇದು,” ಎಂದು ನೀರಿನ ನಲ್ಲಿಯ ಹತ್ತಿರ ಹೇಳಿದೆ, ಮಹಿಳಾ ಸಂಘದಲ್ಲಿ ಹೇಳಿದೆ, ಕೇಳದವರನ್ನು ನಿಲ್ಲಿಸಿಯೂ ಹೇಳಿದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುತ್ತಾರಲ್ಲ, ಹಾಗೆ. ಇಬ್ಬರು ಹಿರಿಯರು ಅವಳ ಮನೆಗೆ ಎರಡು ಸಲ ಹೋಗಿ ಬಂದರು. ಅವಳು ಚಹಾ ಕೊಟ್ಟಳಂತೆ, ಬರುತ್ತೇನೆ ಅನ್ನಲಿಲ್ಲವಂತೆ. ಕ್ರಿಸ್‌ಮಸ್ ಹೊತ್ತಿಗೆ ಚರ್ಚು ಒಂದು ಗೇಣು ವಾಲಿತ್ತು. ನಾವೆಲ್ಲ ಮೂಡಣಕ್ಕೆ ಮೈ ವಾಲಿಸಿ ಕೂರುವುದನ್ನು ಕಲಿತೆವು. ಮೊದಮೊದಲು ಸೊಂಟ ಹಿಡಿಯುತ್ತಿತ್ತು, ಆಮೇಲೆ ಮನೆಯಲ್ಲೂ ಹಾಗೇ ಕೂರತೊಡಗಿದೆವು. ನನ್ನ ಗಂಡ ಊಟಕ್ಕೆ ಕೂತಾಗಲೂ ಒಂದು ಕಡೆ ಸೊಟ್ಟಗೆ ಕೂರುತ್ತಿದ್ದ.

ಆಗ ನನಗೊಂದು ಯೋಚನೆ ಬಂತು. ಈಗ ನೆನೆಸಿಕೊಂಡರೆ ನನ್ನ ನಾಲಗೆಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳು ಶುರುವಾದ ವಾರ ಸಭೆ ಕೂಡಿತ್ತು. ನಾನು ಎದ್ದು ನಿಂತೆ. “ಪಟ್ಟಿಯೊಳಗ ಆಕಿ ಹೆಸರ ಇರೂದಕ್ಕ ಚರ್ಚು ಆಕಿನ್ನ ಹುಡುಕ್ಕೋಂತ ವಾಲತೈತ್ರಿ. ಸಭಾದಾಕಿ ಅಲ್ಲ ಅಂದಮ್ಯಾಗ ಯಾಕ ವಾಲತೈತಿ? ಹೆಸರ ತಗದಬಿಡ್ರಿ, ನೆಟ್ಟಗ ನಿಂದರ್ತೈತಿ,” ಎಂದೆ. ಅಯ್ಯನವರು, “ಹೆಸರ ಹೊಡದ್ರ ಮನಷ್ಯಾ ಅಳಿಸಿ ಹೋಗ್ತಾನೇನ್ರಿ ತಬಿತಮ್ಮ?” ಎಂದರು. ನನ್ನ ಗಂಡ ಎಂದೂ ಸಭೆಯಲ್ಲಿ ಬಾಯಿ ಬಿಡದವನು, ಆವತ್ತು ಮೆಲ್ಲಗೆ, “ತಬಿತಾ, ನೀ ಮಾತಾಡೂದು ಸಭಾದ ಸಲುವಾಗೋ ನಿನ್ನ ಸಲುವಾಗೋ?” ಎಂದ. ನಾನು ಅವನನ್ನು ಒಂದೇ ನೋಟದಲ್ಲಿ ಕೂರಿಸಿದೆ. ಆದರೆ ಜನಕ್ಕೆ ಹೆದರಿಕೆ ಹಿಡಿದಿತ್ತು. ಹೆದರಿದವರಿಗೆ ಯಾರು ಏನು ಹೇಳಿದರೂ ಉಪಾಯವೇ. ಹನೋಕಪ್ಪ ಸಭಾ ಪಟ್ಟಿ ತೆಗೆದು ಕೆಂಪು ಮಸಿಯಲ್ಲಿ ಸುಗುಣಾಳ ಹೆಸರಿನ ಮೇಲೆ ಗೀಟು ಎಳೆದರು.

ಮಸಿ ಆರುವ ಮೊದಲೇ ಮೇಲಿಂದ ಸರಸರ ಸದ್ದಾಯಿತು. ಹನ್ನೊಂದು ಹಂಚುಗಳು ಜಾರಿ ಪಡುವಣದ ಅಂಗಳಕ್ಕೆ ಬಿದ್ದವು. ಗೋಡೆಯಲ್ಲಿ ಕೈ ತೂರಿಸುವಷ್ಟು ಬಿರುಕು ಬಂತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ಮರುದಿನ ರಜಾಕಸಾಬ ಎಂಬ ಗೌಂಡಿಯನ್ನು ಕರೆಸಿದರು. ಅವನು ತೂಗುಗುಂಡು ಇಳಿಬಿಟ್ಟು ನೋಡಿ, ಬಿರುಕಿಗೆ ಕಿವಿ ಹಚ್ಚಿ ಕೇಳಿ, “ಇನ್ನ ನಾಕ ಬೊಟ್ಟು ವಾಲಿದ್ರ ಈ ಗ್ವಾಡಿ ನಿಂದ್ರೂದುಲ್ರಿ. ನಾ ಕಲ್ಲು ಗಾರಿ ಹಚ್ಚಾಂವ. ನಿಮ್ಮ ಮನಸ್ಸಿಗೆ ಏನ ಹಚ್ಚಲಿ?” ಎಂದು ಸಾಮಾನು ಕಟ್ಟಿಕೊಂಡು ಹೊರಟುಹೋದ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಮೊದಲಿನಿಂದಲೂ ನಮ್ಮದು ಎರಡು ಓಣಿಯ ಜನ ಕೂಡಿದ ಸಭೆ. ಮೇಲಿನ ಓಣಿಯವರು ಹನೋಕಪ್ಪನವರ ಮಗ್ಗದ ಮನೆಯಲ್ಲಿ ಆರಾಧನೆ ನಡೆಸೋಣ ಎಂದರು. ಕೆಳಗಿನ ಓಣಿಯವರು ನಾವು ಅಲ್ಲಿಗೆ ಬರುವುದಿಲ್ಲ, ಶಾಲೆಯ ಪಡಸಾಲೆ ನಮಗೆ ಸಾಕು ಎಂದರು. ಬೋಧನೆಯ ಪೀಠ ಯಾರಿಗೆ, ಗಂಟೆ ಯಾರಿಗೆ ಎಂಬಲ್ಲಿಗೆ ಬಂತು. ಕಡೆಗೆ ಇಷ್ಟು ತೀರ್ಮಾನವಾಯಿತು: ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ, ಕಡೆಯ ಆರಾಧನೆ. ಅಷ್ಟರಲ್ಲಿ ಚರ್ಚು ನೆಟ್ಟಗಾಗದಿದ್ದರೆ ಬಾಗಿಲಿಗೆ ಬೀಗ ಹಾಕಿ ಎರಡು ಸಭೆಯಾಗುವುದು. ಆ ರಾತ್ರಿ ನನ್ನ ಗಂಡ ಉಣ್ಣಲಿಲ್ಲ. “ನಮ್ಮವ್ವ ಕೆಳಗಿನ ಓಣಿಯಾಕಿ, ನಮ್ಮಪ್ಪ ಮ್ಯಾಲಿನ ಓಣಿಯಾಂವ. ಈ ಚರ್ಚು ಇಲ್ದಿದ್ರ ನಾನ ಇರ್ತಿದ್ದಿಲ್ಲ,” ಎಂದ. ಒಡೆದ ಸಭೆ ಮತ್ತೆ ಕೂಡಿದ್ದನ್ನು ಯಾವ ಊರಿನಲ್ಲೂ ನಾನು ಕೇಳಿಲ್ಲ. ಆದರೂ ಬಾಯಲ್ಲಿ, “ಎಲ್ಲಾ ಆಕಿಂದನ ಆತು,” ಎಂದೆ.

ಗರಿಗಳ ಭಾನುವಾರಕ್ಕೆ ಎರಡು ದಿನ ಇರುವಾಗ ಅಯ್ಯನವರು ಮೇಲಿನ ಓಣಿ, ಕೆಳಗಿನ ಓಣಿ ಎರಡನ್ನೂ ಕರೆದುಕೊಂಡು ಸುಗುಣಾಳ ಮನೆಗೆ ಬಂದರು. ಕಟ್ಟೆ ಎರಡೂ ಮನೆಗೆ ಒಂದೇ ಆದ್ದರಿಂದ ಅರ್ಧ ಸಭೆ ನನ್ನ ಬಾಗಿಲ ಮುಂದೆಯೂ ಕೂತಿತು. ನಾನು ಹೊರಗೆ ಹೋಗಲಿಲ್ಲ. ಕದದ ಸಂದಿಗೆ ಕಿವಿ ಕೊಟ್ಟು ನಿಂತೆ. ಅಯ್ಯನವರು, “ಅವ್ವಾ ಸುಗುಣಾ, ಹೆಸರ ಹೊಡದದ್ದು ನಮ್ಮ ತಪ್ಪು. ನಾವು ತಪ್ಪು ಒಪ್ಪಿಕೊಳ್ಳಾಕ ಬಂದೇವಿ,” ಎಂದರು. ಸುಗುಣಾ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. “ನಾ ಸಭಾ ಬಿಟ್ಟಿದ್ದಿಲ್ರಿ ಅಯ್ಯನವರ. ಐತವಾರ ಗಂಟಿ ಆದಕೂಡ್ಲೆ ಇಲ್ಲೆ ಮನಿಯಾಗ ಕುಂದರ್ತೇನಿ. ನೀವು ಏಳೂ ಹೊತ್ತಿಗೆ ಏಳ್ತೇನಿ, ಮೊಣಕಾಲೂರೂ ಹೊತ್ತಿಗೆ ಊರ್ತೇನಿ. ನಿಮ್ಮೆಲ್ಲಾರ ಹೆಸರ ತಗೊಂಡ ಪ್ರಾರ್ಥನಾ ಮಾಡ್ತೇನಿ. ಮೊದಲ ಬೆಂಚಿನಿಂದ ಶುರು ಮಾಡ್ತೇನಿ,” ಎಂದಳು. ಮೊದಲ ಬೆಂಚು ಎಂದರೆ ನಾನು. ಕೇಳಿ ನಾನು ಕರಗಬೇಕಾಗಿತ್ತು. ಇನ್ನೂ ಸಿಟ್ಟು ಬಂತು. ನನ್ನ ಹೆಸರು ಎತ್ತಲು ಇವಳಾರು ಎಂದುಕೊಂಡೆ. “ಕರದೀರಿ, ಬರ್ತೇನಿ. ಎತ್ತಿಕೊಡಾಕ ಮಾತ್ರ ಹಚ್ಚಬ್ಯಾಡ್ರಿ,” ಎಂದು ಅವಳು ಮಾತು ಮುಗಿಸಿದಳು. ಹನೋಕಪ್ಪ ಪಟ್ಟಿಯನ್ನು ಜೊತೆಗೇ ತಂದಿದ್ದರು. ಕೆಂಪು ಗೀಟು ಅಳಿಸಲು ಬರುವಂತಿರಲಿಲ್ಲವಾದ್ದರಿಂದ ಕಡೆಯ ಪುಟದಲ್ಲಿ, ಹೋದ ತಿಂಗಳು ದೀಕ್ಷಾಸ್ನಾನವಾದ ಕೂಸುಗಳ ಕೆಳಗೆ ಅವಳ ಹೆಸರನ್ನು ಹೊಸದಾಗಿ ಬರೆದರು. “ಹಂಗಾರ ಸಭಾದಾಗ ಈಗ ನಾನ ಎಲ್ಲಾರಕಿಂತ ಸಣ್ಣಾಕಿ,” ಎಂದು ಸುಗುಣಾ ನಕ್ಕಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕದದ ಹಿಂದೆ ನಾನೊಬ್ಬಳೇ ನಗಲಿಲ್ಲ.

ಗರಿಗಳ ಭಾನುವಾರ ಎಲ್ಲರೂ ಈಚಲ ಗರಿ ಹಿಡಿದುಕೊಂಡು ಬಂದರು. ಸುಗುಣಾ ಗಂಡನ ಜೊತೆ ಬಂದು ಕಡೆಯ ಬೆಂಚಿನಲ್ಲಿ ಕೂತಳು. ಅವಳು ಹೊಸ್ತಿಲು ದಾಟುವಾಗ ಇಡೀ ಸಭೆ ಉಸಿರು ಹಿಡಿದು ಮೇಲೆ ನೋಡಿತು. ಏನೂ ಆಗಲಿಲ್ಲ. ಹನೋಕಪ್ಪ ಬಾಗಿ ಗಜ್ಜುಗ ಇಟ್ಟರು. ಅದು ಪಡುವಣಕ್ಕೆ ಓಡಿ ಗೋಡೆಗೆ ಬಡಿದು ಅಲ್ಲೇ ನಿಂತಿತು. ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ಕೆಳಗಿನ ಓಣಿಯ ಒಬ್ಬರು, “ಮುಗೀತು ಬಿಡ್ರಿ. ಗಂಟಿ ಬಿಚ್ಚೂಣು,” ಎಂದರು.

ಅಯ್ಯನವರು ಕೈಯೆತ್ತಿ ತಡೆದು, “ಹನೋಕಪ್ಪ, ಪಟ್ಟಿ ಓದ್ರಿ. ಯಾರ ಬಂದಿಲ್ಲ ನೋಡೂಣು,” ಎಂದರು. ಹನೋಕಪ್ಪ ಓದಿದರು. ಒಬ್ಬೊಬ್ಬರೂ ಬಂದೇನಿ, ಬಂದೇನಿ ಎಂದರು. ಕೂಸುಗಳ ಪರವಾಗಿ ತಾಯಂದಿರು ಅಂದರು. ನಾನೂ ಗಂಟಲು ಎತ್ತಿ ಅಂದೆ. ಕಡೆಗೆ ಸುಗುಣಾ ಮೆಲ್ಲಗೆ ಬಂದೇನಿ ಎಂದಳು. ಇಪ್ಪತ್ತಾರು ಮನೆಯವರು, ಒಬ್ಬರೂ ಬಿಟ್ಟಿಲ್ಲ. ಗಜ್ಜುಗ ಗೋಡೆಯ ಬುಡದಲ್ಲೇ ಇತ್ತು. “ಇನ್ನೊಂದ ಸಲ ಓದ್ರಿ,” ಎಂದರು ಅಯ್ಯನವರು. ಹನೋಕಪ್ಪ ಮತ್ತೆ ಮೊದಲಿನಿಂದ ಓದತೊಡಗಿದರು. ಪಡುವಣಕ್ಕೆ ಸಭೆಯವರ ಮನೆ ಇರುವುದೇ ಎರಡು ಎಂದು ನಾನು ಬೆರಳು ಮಡಿಸಿದೆ. ಸುಗುಣಾ ಒಳಗಿದ್ದಾಳೆ. ಅವಳು ಮನೆಯಲ್ಲಿದ್ದಾಗಲೂ ನಮ್ಮ ಜೊತೆ ಎದ್ದು ನಮ್ಮ ಜೊತೆ ಮೊಣಕಾಲೂರುತ್ತಿದ್ದಳು; ಹಾಸಿಗೆ ಹಿಡಿದಿದ್ದ ಎಸ್ತೇರಜ್ಜಿಯ ಹಾಗೆ ಅವಳ ಮನಸ್ಸು ನಮ್ಮ ಜೊತೆಗೇ ಇತ್ತು. ಎಸ್ತೇರಜ್ಜಿಯ ಕಡೆ ಒಂದು ಕೂದಲೆಳೆಯಷ್ಟೂ ವಾಲದ ಚರ್ಚು ಇವಳ ಕಡೆ ಯಾಕೆ ವಾಲುತ್ತದೆ? ಹಾಗಿದ್ದರೆ ಈ ಐದು ತಿಂಗಳು ಅದು ವಾಲಿದ್ದು ಯಾರ ಮನೆಯ ಕಡೆಗೆ? ಐದು ತಿಂಗಳಿನಿಂದ ನಾನು ಆ ಬೆಂಚಿನಲ್ಲಿ ಕೂತು ಏನು ಮಾಡಿದ್ದೆ? ಒಂದು ಪ್ರಾರ್ಥನೆಯೂ ನೆನಪಿಲ್ಲ. ಅವಳ ಖಾಲಿ ಜಾಗವನ್ನು ಓರೆಗಣ್ಣಿನಿಂದ ನೋಡಿ ಒಳಗೊಳಗೇ ಹಿಗ್ಗಿದ್ದು ಮಾತ್ರ ನೆನಪಿದೆ.

“ತಬಿತಮ್ಮ,” ಎಂದು ಓದಿದರು ಹನೋಕಪ್ಪ. ನಾನು ಬಾಯಿ ತೆರೆದೆ. ಆ ಒಂದು ಶಬ್ದ ಹೊರಡಲಿಲ್ಲ. ಹನೋಕಪ್ಪ ಕನ್ನಡಕದ ಮೇಲಿಂದ ನೋಡಿ, “ತಬಿತಮ್ಮ?” ಎಂದರು. ನಾನು ಬೆಂಚು ಹಿಡಿದುಕೊಂಡು ಎದ್ದೆ. “ನಾ ಬಂದಿಲ್ರಿ,” ಎಂದೆ.

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. “ಬೆಳಿ ಹಬ್ಬದಿಂದ ನಾ ಬಂದಿಲ್ರಿ. ನನ್ನ ಸೀರಿ ಬಂದೈತಿ, ನನ್ನ ಗಂಟಲ ಬಂದೈತಿ, ನಾ ಬಂದಿಲ್ಲ. ಸುಗುಣಾ ಉಸರ ತಗೊಳ್ಳಾಕ ನಿಂತಿದ್ಲು, ಹಾಡ ಬಿಟ್ಟಿದ್ದಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದ ಆಕಿ ಬಾಯಾಗಿಂದ ಕಸಗೊಂಡ್ನಿ. ಹೆಸರ ಹೊಡಸಿದಾಕಿನೂ ನಾನ. ಚರ್ಚು ವಾಲಿದ್ದು ನನ್ನ ಮನಿ ಕಡೆ,” ಎಂದೆ. ಅಷ್ಟು ಜನರ ಎದುರು ಅತ್ತದ್ದು ನನ್ನ ಅವ್ವ ಸತ್ತಾಗ ಬಿಟ್ಟರೆ ಆವತ್ತೇ. ನಾಚಿಕೆಯಾಯಿತು.

ಸುಗುಣಾ ಕಡೆಯ ಬೆಂಚಿನಿಂದ ನಡುದಾರಿಯಲ್ಲಿ ನಡೆದು ಬಂದಳು. ನನ್ನನ್ನು ತಬ್ಬಿಕೊಳ್ಳಲಿಲ್ಲ, ನಮ್ಮಲ್ಲಿ ಅದು ರೂಢಿಯಿಲ್ಲ. ನನ್ನ ಪಕ್ಕದಲ್ಲಿ ನಿಂತು, “ಸರಿ ಅಕ್ಕಾ, ಜಾಗಾ ಬಿಡ್ರಿ,” ಎಂದಳು. ನಾನು ಸರಿದೆ. ಅಯ್ಯನವರು ಕೀರ್ತನೆಯ ನಂಬರು ಓದಿದರು. ಬೆಳೆ ಹಬ್ಬದ ದಿನದ್ದೇ ಕೀರ್ತನೆ ಅದು. ಸುಗುಣಾ ನನ್ನ ಮುಖ ನೋಡಿದಳು. ನಾನು ಪುಸ್ತಕ ಬಿಚ್ಚಿ ಅವಳ ಕೈಗೆ ಕೊಟ್ಟೆ. ಎತ್ತಿದಳು, ಆವತ್ತಿನ ಹಾಗೆಯೇ ಮೇಲೆ. ಸಾಲಿನ ನಡುವೆ ಅದೇ ಜಾಗದಲ್ಲಿ ಧ್ವನಿ ಒಡೆದು ನಿಂತಿತು. ಇಡೀ ಸಭೆಯ ಕಣ್ಣು ನನ್ನ ಮೇಲೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಷ್ಟು ಉದ್ದದ ಮೌನವನ್ನು ನಾನು ಆ ಚರ್ಚಿನಲ್ಲಿ ಕೇಳಿರಲಿಲ್ಲ. ಹೊರಗೆ ಯಾರದೋ ಸೈಕಲ್ಲು ಹೋದದ್ದೂ ಕೇಳಿತು. ಯಾರೂ ಕೆಮ್ಮಲಿಲ್ಲ. ಅವಳು ಉಸಿರು ತೆಗೆದುಕೊಂಡಳು, ಇನ್ನೊಮ್ಮೆ ತೆಗೆದುಕೊಂಡಳು, ಬಿಟ್ಟಲ್ಲಿಂದ ಎತ್ತಿ ಸಾಲು ಮುಗಿಸಿದಳು. ಎರಡನೆಯ ಸಾಲಿಗೆ ನಾವು ಕೂಡಿಕೊಂಡೆವು. ಮೇಲಿನ ಓಣಿ, ಕೆಳಗಿನ ಓಣಿ, ಎಲ್ಲ.

ಮೂರನೆಯ ಚರಣ ಮುಗಿದು ನಾವು ಕೂರುವ ಹೊತ್ತಿಗೆ ಆಯಿತು ಅದು. ಸದ್ದೂ ಇಲ್ಲ, ಗದ್ದಲವೂ ಇಲ್ಲ. ಐದು ತಿಂಗಳಿನಿಂದ ಮೂಡಣಕ್ಕೆ ವಾಲಿ ಕೂರುವುದನ್ನು ಕಲಿತ ನಾವು ಅದೇ ಅಭ್ಯಾಸದಲ್ಲಿ ವಾಲಿ ಕೂತೆವು, ಕೂತವರು ಕೂತ ಹಾಗೇ ಜಾರಿದೆವು. ಪಡುವಣದ ಕಾಲಿಗೆ ಕೊಟ್ಟಿದ್ದ ಹಂಚಿನ ಚೂರುಗಳಿಂದಾಗಿ ಬೆಂಚುಗಳೂ ಅದೇ ಕಡೆಗೆ ಸೊಟ್ಟಗಾಗಿದ್ದವು. ಒಬ್ಬರ ಮೇಲೊಬ್ಬರು, ಗರಿಗಳ ಸಮೇತ. ನನ್ನ ಮೇಲೆ ಸುಗುಣಾ, ನನ್ನ ಕೆಳಗೆ ಮೇಲಿನ ಓಣಿಯ ಇಬ್ಬರು. ಅಯ್ಯನವರೊಬ್ಬರೇ ಪೀಠ ಹಿಡಿದುಕೊಂಡು ನಿಂತಿದ್ದರು. ಹನೋಕಪ್ಪ ಬಿದ್ದಲ್ಲಿಂದಲೇ, “ಏಳಬ್ಯಾಡ್ರಿ, ಚರ್ಚು ನೆಟ್ಟಗಾಗೇತಿ, ನಾವ ಸೊಟ್ಟ ಅದೇವಿ,” ಎಂದು ಕೂಗಿದರು. ಆಮೇಲೆ ಆ ಚರ್ಚಿನಲ್ಲಿ ನಡೆದದ್ದು ಆರಾಧನೆಯೋ ನಗುವೋ ನನಗೆ ಹೇಳಲು ಬರುವುದಿಲ್ಲ. ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಎನ್ನುತ್ತಾರಲ್ಲ, ಅದು ಹೇಗಿರುತ್ತದೆಂದು ನನಗೆ ಆವತ್ತು ತಿಳಿಯಿತು. ಆರಾಧನೆ ಮುಗಿದ ಮೇಲೆ ಎರಡೂ ಓಣಿಯವರು ಸೇರಿ ಹಂಚಿನ ಚೂರುಗಳನ್ನು ತೆಗೆದು ಬುಟ್ಟಿಗೆ ತುಂಬಿದರು. ಗಂಟೆ ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ನಾನು ಹಿತ್ತಲಿನಲ್ಲಿ ಗರಿಗಳನ್ನು ಒಣಹಾಕುತ್ತಿದ್ದೆ. ನಡುಗೋಡೆ ಎದೆಯ ಮಟ್ಟದ್ದು. ಆ ಕಡೆ ಸುಗುಣಾ ಪಾತ್ರೆ ತೊಳೆಯುತ್ತಿದ್ದಳು. ಐದು ತಿಂಗಳು ಬಿಟ್ಟ ಮಾತನ್ನು ಎಲ್ಲಿಂದ ಶುರು ಮಾಡುವುದು? ಕಡೆಗೆ ಅವಳೇ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಬಂದಳು.

“ಅಕ್ಕಾ, ಮುಂದಿನ ಐತವಾರ ಈಸ್ಟರ ಹಬ್ಬ. ದೊಡ್ಡ ಕೀರ್ತನಿ ಅದು. ಒಂದೀಟ ಕೆಳಗ ಎತ್ಲೇನು? ಮತ್ತ ಧ್ವನಿ ಒಡದ್ರ?”

“ನಿನಗ ಬಂದಷ್ಟ ಮ್ಯಾಲೆ ಎತ್ತು,” ಎಂದೆ. “ಒಡದ್ರ ಒಡೀಲಿ. ಇಪ್ಪತ್ತಾರು ಮನಿಯವ್ರು ಎಲ್ಲೆ ಹೋಗ್ತೇವಿ? ಕಾಯ್ತೇವಿ.”